ಒಂದು ಹಾಳೆಯ ದಪ್ಪ

ಬೈಂಡರನಿಗೆ ಜಂಬ ಕೊಚ್ಚಿಕೊಳ್ಳಲು ಎರಡು ಸಂಗತಿಗಳಿದ್ದವು. ಒಂದು ಅವನ ಹೆಬ್ಬೆರಳು, ಇನ್ನೊಂದು ಅವನ ಅವಳಿ ಹೆಣ್ಣುಮಕ್ಕಳು.

ಹೆಬ್ಬೆರಳಿನದು ಕಸುಬಿನ ಜಂಬ. ಪ್ರೆಸ್ಸಿನ ಹಿಂದಿನ ಉದ್ದನೆಯ ಕೋಣೆಯಲ್ಲಿ ಗೋಂದಿನ ವಾಸನೆಯ ನಡುವೆ ಕೂತು, ಹಾಳೆ ಮಡಿಸಿ, ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡುವುದು ಅವನ ಕೆಲಸ. ಹಾಳೆಯ ಮೂಲೆಯನ್ನು ಬೆರಳುಗಳ ನಡುವೆ ಹಿಡಿದು ಒಮ್ಮೆ ಉಜ್ಜಿದನೆಂದರೆ ಅದು ಎಷ್ಟು ದಪ್ಪ, ಹೇಳಿ ತರಿಸಿದ್ದಕ್ಕಿಂತ ತೆಳುವೋ ಅಲ್ಲವೋ ಎಂದು ಹೇಳಿಬಿಡುತ್ತಿದ್ದ. ಕಾಗದ ತಂದುಕೊಡುವವನು ಅವನ ಎದುರು ಬಂಡಲು ಬಿಚ್ಚುವಾಗ ಪರೀಕ್ಷೆ ಬರೆಯುವ ಹುಡುಗನಂತೆ ಬೆವರುತ್ತಿದ್ದ. ಬೈಂಡರನಿಗೆ ಅದನ್ನು ನೋಡುವುದೇ ಒಂದು ಸುಖ.

ಆದರೆ ಕಣ್ಣು ಅವನಿಗೆ ಹರೆಯದಲ್ಲೇ ಕೈಕೊಟ್ಟಿತ್ತು. ಎದುರಿಗಿರುವುದು ಕಾಣುತ್ತದೆ, ಚೆನ್ನಾಗಿಯೇ ಕಾಣುತ್ತದೆ. ಅಕ್ಕಪಕ್ಕ ಮಾತ್ರ ಇಲ್ಲ. ಕಾಗದ ಸುತ್ತಿದ ಕೊಳವೆಯೊಳಗಿಂದ ಊರು ನೋಡಿದ ಹಾಗೆ. ಗ್ಲಾಕೋಮಾ ಎಂದು ಡಾಕ್ಟರು ಹೆಸರು ಹೇಳುವ ಹೊತ್ತಿಗೆ ಅವನು ನಿಂತ ಲಾರಿಗೆ ಸೈಕಲ್ ಗುದ್ದಿ, ಮದುವೆ ಮನೆಯಲ್ಲಿ ನೀರಿನ ಹಂಡೆ ಉರುಳಿಸಿ, ಮನೆಮಂದಿಯಿಂದೆಲ್ಲ 'ಎಡವಟ್ಟು' ಎಂದು ಬೈಸಿಕೊಂಡಾಗಿತ್ತು. ಅವನ ಅಪ್ಪನನ್ನೂ ಜನ ಹಾಗೆಯೇ ಬೈದಿದ್ದರು. ಆ ಮನುಷ್ಯ ಪೂರ್ತಿ ಕುರುಡಾದ ಮೇಲಷ್ಟೇ ಬೈಗುಳ ನಿಂತದ್ದು.

ಇನ್ನು ಮಕ್ಕಳ ವಿಷಯ. ಇಬ್ಬರಿಗೂ ಒಂಬತ್ತು ವರ್ಷ. ಮೂಗು, ಗಲ್ಲ, ಹಲ್ಲಿನ ಸಂದು ಎಲ್ಲವೂ ಒಂದೇ. ಮೊದಲು ಹುಟ್ಟಿದವಳು ಚೂಟಿ, ಹಿಂದೆಯೇ ಬಂದವಳು ಗುಬ್ಬಿ. ಈ ಹೆಸರುಗಳನ್ನು ಇಟ್ಟದ್ದು ಅಜ್ಜಿ, ಶಾಲೆಯವರ ಹೊರತು ಬೇರೆ ಯಾರೂ ಇನ್ನೊಂದು ಹೆಸರನ್ನು ಬಳಸುತ್ತಿರಲಿಲ್ಲ. ಹೆತ್ತ ತಾಯಿಯೇ ಆಗಾಗ ಒಬ್ಬಳು ಮಾಡಿದ ತಪ್ಪಿಗೆ ಇನ್ನೊಬ್ಬಳ ಕಿವಿ ಹಿಂಡಿ ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಬೈಂಡರ್ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ.

"ಒಂದೇ ಅಚ್ಚಲ್ಲಿ ಒತ್ತಿದ ಎರಡು ಪ್ರತಿ ಇವು," ಎನ್ನುತ್ತಿದ್ದ, ಕೇಳುವವರು ಸಿಕ್ಕರೆ. "ಆದ್ರೆ ನನಗೆ ಮಾತ್ರ ಮೋಸ ಮಾಡೋಕಾಗಲ್ಲ. ಹೆಜ್ಜೆ ಸದ್ದಲ್ಲೇ ಹೇಳ್ತೀನಿ ಯಾರು ಅಂತ. ಕಣ್ಣಿರೋರು ಮುಖ ನೋಡಿ ಏಮಾರ್ತಾರೆ. ನಾನು ಮುಖಾನೇ ನೋಡಲ್ಲ!"

ಜಂಬದ ಮನುಷ್ಯನಿಗೆ ಕಥೆ ಹೇಳುವ ಚಟವೂ ಇರುತ್ತದೆ. ಬೈಂಡರನಿಗೆ ಚಿಕಿತ್ಸೆಯೆಂದು ಹಿಂದೊಮ್ಮೆ ಕಣ್ಣಿಗೆ ಲೇಸರ್ ಹಾಯಿಸಿದ್ದರು. ಅದು ಮುಗಿದದ್ದು ಟೀ ಕುಡಿದು ಮುಗಿಸುವಷ್ಟು ಹೊತ್ತಿನಲ್ಲಿ. ಊಟದ ಹೊತ್ತಿಗೆ ಮಕ್ಕಳ ಮುಂದೆ ಅದನ್ನು ಹೇಳುವಾಗ ಮಾತ್ರ ಉಪ್ಪು ಖಾರ ಸೇರಿ ಯುದ್ಧವೇ ಆಗಿಬಿಡುತ್ತಿತ್ತು. "ಲೇಸರ್ ಅಂದ್ರೆ ಏನಂದ್ಕೊಂಡ್ರಿ? ಕಬ್ಬಿಣ ಕತ್ತರಿಸೋ ಬೆಂಕಿ ಅದು! ಕಣ್ಣೊಳಗೆ ಕಿಡಿ ಹಾರ್ತಿತ್ತು, ಟಪ್ ಟಪ್ ಅಂತ. ನಿಮ್ಮಪ್ಪ ತುಟಿ ಪಿಟಕ್ ಅನ್ನಲಿಲ್ಲ!" ಚೂಟಿ ಬಾಯಿ ತೆರೆದು ಕೇಳಿ ಇನ್ನೊಮ್ಮೆ ಹೇಳು ಎನ್ನುವಳು. ಗುಬ್ಬಿ ತಟ್ಟೆಯ ಮೇಲೆ ಬಗ್ಗಿ ಸುಮ್ಮನೆ ಉಣ್ಣುವಳು. ಸುಮ್ಮನಿರುವ ಮಗು ಕೇಳಿಸಿಕೊಳ್ಳುವುದಿಲ್ಲ ಎಂದುಕೊಂಡದ್ದು ಬೈಂಡರನ ದಡ್ಡತನ.

ಈ ಕಾಯಿಲೆ ರಕ್ತದಲ್ಲಿ ಹರಿದು ಬರುವಂಥದ್ದು. ಹಾಗಾಗಿ ಮಕ್ಕಳಿಬ್ಬರನ್ನೂ ವರ್ಷವರ್ಷ ಕಣ್ಣಾಸ್ಪತ್ರೆಗೆ ಕರೆದೊಯ್ದು ಕಣ್ಣಿನ ಒತ್ತಡ ಅಳೆಸುತ್ತಿದ್ದ. ಚೂಟಿಯದು ಸರಿಯಾಗಿತ್ತು. ಗುಬ್ಬಿಯದು ಪ್ರತಿ ಸಲವೂ ಒಂದಿಷ್ಟು ಮೇಲೆ. ಈ ಸಲ ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಮಾತು ಉದ್ದವಿದೆ ಎಂದು ಬೈಂಡರನಿಗೆ ಗೊತ್ತಿತ್ತು.

"ಮಗು ಹೆದರಿ ಕಣ್ಣು ಬಿಗಿ ಹಿಡಿದ್ರೂ ಒತ್ತಡ ಏರುತ್ತೆ, ಕಾಯಿಲೆ ಇದ್ರೂ ಏರುತ್ತೆ," ಎಂದರು. "ಇವಳು ಯಾವಾಗ್ಲೂ ಬಿಗಿ ಹಿಡಿಯೋಳೇ. ಅದಕ್ಕೇ ಇಷ್ಟು ದಿನ ಕಾದೆ. ಇನ್ನು ಕಾಯೋದು ಬೇಡ, ಒಳಗಿನ ಪದರ ನೋಡಿಬಿಡೋಣ. ಕಣ್ಣಿನ ಹಿಂದುಗಡೆ ನರದ ಎಳೆಗಳದ್ದು ಒಂದು ಪದರ ಇರುತ್ತೆ. ಎಷ್ಟು ದಪ್ಪ ಗೊತ್ತಾ?" ಔಷಧಿ ಚೀಟಿಯ ಪುಸ್ತಕದಿಂದ ಒಂದು ಹಾಳೆ ಹರಿದು ಅವನ ಕೈಗಿತ್ತರು. "ಹೆಚ್ಚೂ ಕಮ್ಮಿ ಇಷ್ಟು."

ಬೈಂಡರ್ ಹಾಳೆಯನ್ನು ಉಜ್ಜಿದ. ಅವನ ಬೆರಳಿಗೆ ಚೆನ್ನಾಗಿ ಪರಿಚಯವಿದ್ದ ದಪ್ಪ ಅದು.

"ಈ ಕಾಯಿಲೆ ಆ ಹಾಳೇನ ಸದ್ದಿಲ್ದೆ ಸವೆಸುತ್ತೆ. ಕಾಣ್ತಿಲ್ಲ ಅಂತ ನಮಗೆ ಗೊತ್ತಾಗೋ ಹೊತ್ತಿಗೆ ಬಹಳಷ್ಟು ಹೋಗಿರುತ್ತೆ. ಹೋಗಿದ್ದು ವಾಪಸ್ ಬರಲ್ಲ. ನಿಮಗೇ ಗೊತ್ತಲ್ಲ."

"ಗೊತ್ತು," ಎಂದ ಬೈಂಡರ್. ಅಷ್ಟು ಚಿಕ್ಕ ಮಾತನ್ನು ಅವನು ಅಪರೂಪಕ್ಕೆ ಆಡುತ್ತಿದ್ದ.

"ಮೇಲ್ಗಡೆ ಒಂದು ಯಂತ್ರ ಇದೆ. ಲೇಸರ್ ಬೆಳಕು ಬಿಟ್ಟು ಆ ಪದರದ ದಪ್ಪ ಅಳೆಯುತ್ತೆ. ಮುಟ್ಟಲ್ಲ, ನೋವಿಲ್ಲ. ಪದರ ಗಟ್ಟಿ ಇದ್ರೆ ಇದು ಬರೀ ಹೆದರಿಕೆ ಅಂತ ಬಿಟ್ಟುಬಿಡೋಣ. ಸವೆದಿದ್ರೆ ಇವತ್ತೇ ಔಷಧಿ ಶುರು. ಇಬ್ಬರದ್ದೂ ಮಾಡಿಸಿ."

ಗುಬ್ಬಿಯ ಕಿವಿಗೆ ಆ ಇಡೀ ಮಾತಿನಲ್ಲಿ ಬಿದ್ದದ್ದು ಒಂದೇ ಪದ. ಯಾವುದೆಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರದ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಅದನ್ನು ನಡೆಸುವ ಹೆಂಗಸನ್ನು ಬರುವ ಮಕ್ಕಳೆಲ್ಲ 'ಲೈಟಕ್ಕ' ಎಂದು ಕರೆಯುತ್ತಿದ್ದರು. ಮಕ್ಕಳನ್ನು ಅಲುಗಾಡದಂತೆ ಕೂರಿಸುವುದೇ ಆ ಕೆಲಸದ ಕಷ್ಟ. ಯಂತ್ರದೊಳಗೆ ಒಂದು ಹಸಿರು ಚುಕ್ಕಿ ಇರುತ್ತದೆ, ಅದನ್ನೇ ನೋಡುತ್ತಿರಬೇಕು. ಆದರೆ ಅದೇ ಹೊತ್ತಿಗೆ ಒಂದು ಕೆಂಪು ಗೆರೆ ಅತ್ತಿಂದಿತ್ತ ಓಡುತ್ತದೆ. ನಿಂತ ಚುಕ್ಕಿಯನ್ನು ಬಿಟ್ಟು ಓಡುವ ಗೆರೆಯ ಹಿಂದೆ ಹೋಗದ ಮಗು ಯಾವುದಿದೆ? ಕಣ್ಣು ಹೋಯಿತೆಂದರೆ ಚಿತ್ರ ಕಲಸಿ ಕೆಡುತ್ತದೆ. ಅದಕ್ಕೇ ಲೈಟಕ್ಕ ಮಕ್ಕಳನ್ನೆಲ್ಲ ಕಾವಲುಗಾರರನ್ನಾಗಿ ಮಾಡಿಬಿಡುತ್ತಿದ್ದಳು: "ಕೆಂಪಣ್ಣ ಕಳ್ಳ. ನಿನ್ನ ಗಮನ ಬೇರೆ ಕಡೆ ಎಳೆದು ಹಸಿರು ಚುಕ್ಕಿ ಕದಿಯೋಕೆ ನೋಡ್ತಾನೆ. ನೀನು ಚುಕ್ಕಿ ಬಿಟ್ಟು ಅವನ ಹಿಂದೆ ಹೋದ್ಯೋ, ಕೆಟ್ಟೆ!"

ಮೊದಲು ಹೋದದ್ದು ಹಳದಿ ಸ್ವೆಟರಿನ ಚೂಟಿ. ಕುಣಿಯುತ್ತ ಹೋದವಳು ಕುಣಿಯುತ್ತ ಬಂದಳು. "ಅಪ್ಪ, ಸಕತ್ತಾಗಿದೆ! ಕಳ್ಳನ್ನ ಬಿಡಲೇ ಇಲ್ಲ ನಾನು!"

ಬೈಂಡರ್ ಗುಬ್ಬಿಯ ಕೈ ಹಿಡಿದು ಎದ್ದ. ಆ ಕೈ ತಣ್ಣಗಿತ್ತು.

"ಅಪ್ಪ, ನೀರು ಕುಡಿದು ಬರ್ತೀನಿ."

"ನಾನೂ," ಎಂದಳು ಚೂಟಿ.

ಇಬ್ಬರೂ ನಲ್ಲಿಯ ಕಡೆಗೆ ಓಡಿದರು. ಸ್ವಲ್ಪ ಹೊತ್ತಿಗೆ ಒದ್ದೆ ಕೈಗಳಲ್ಲಿ ತಿರುಗಿ ಬಂದರು. ನೀಲಿ ಸ್ವೆಟರಿನವಳು ತಲೆ ಬಗ್ಗಿಸಿ, ಕಾಲೆಳೆಯುತ್ತ ಬಂದು ಅವನ ಬೆರಳು ಹಿಡಿದಳು. ಅವನು ಅವಳನ್ನು ಬಾಗಿಲವರೆಗೆ ಬಿಟ್ಟು, "ಹೆದರ್ಕೋಬೇಡ ಪುಟ್ಟಿ," ಎಂದು ತಲೆ ಸವರಿ ಒಳಗೆ ಕಳಿಸಿದ. ಹಳದಿ ಸ್ವೆಟರಿನವಳು ಅವನ ಪಕ್ಕದಲ್ಲಿ ಕೂತು ಅವನು ಕೊಟ್ಟ ಬಿಸ್ಕತ್ತು ತಿಂದಳು. ಒಂದು ಮಾತೂ ಆಡಲಿಲ್ಲ. ಚೂಟಿ ಎಚ್ಚರವಿದ್ದು ಬಾಯಿ ಮುಚ್ಚಿದ್ದನ್ನು ಬೈಂಡರ್ ಹುಟ್ಟಾ ಕಂಡಿರಲಿಲ್ಲ. ಯಂತ್ರ ಒಳ್ಳೆಯದೇ ಇದೆ, ಬಾಯಿಯನ್ನೂ ರಿಪೇರಿ ಮಾಡಿ ಕಳಿಸಿದೆ ಎಂದುಕೊಂಡು ನಕ್ಕ.

ಅಷ್ಟರಲ್ಲಿ ಲೈಟಕ್ಕ ನೀಲಿ ಸ್ವೆಟರಿನವಳ ಜೊತೆ ಹೊರಬಂದಳು. "ಯಜಮಾನ್ರೇ, ಈ ಎರಡನೆಯವಳು ಅದೆಷ್ಟು ಜಾಣೆ! ಹೇಳಿಕೊಡೋಕೆ ಮುಂಚೆನೇ ಗಲ್ಲ ಇಟ್ಟು ಕೂತುಬಿಟ್ಳು. ಎಷ್ಟೋ ಸಲ ಮಾಡಿಸಿಕೊಂಡೋಳ ಹಾಗೆ."

ಬೈಂಡರನ ಎದೆ ಒಂದು ಗೇಣು ಉಬ್ಬಿತು. "ನನ್ನ ಮಗಳಲ್ವಾ?" ಎಂದ.

ಡಾಕ್ಟರಮ್ಮ ಕೆಳಗೆ ಕಂಪ್ಯೂಟರಿನಲ್ಲಿ ಎರಡೂ ಅಳತೆಗಳನ್ನು ನೋಡಿದರು. ಇಬ್ಬರ ಪದರವೂ ಗಟ್ಟಿಯಾಗಿದೆ, ಗುಬ್ಬಿಯದು ಬರೀ ಹೆದರಿಕೆ, ಮುಂದಿನ ವರ್ಷ ಬನ್ನಿ ಎಂದರು. ಬೈಂಡರನಿಗೆ ಮೈ ಹಗುರಾಯಿತು. ಹೆಂಡತಿ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಪಾಳಿಯ ಹೊತ್ತಿನಲ್ಲಿ ಫೋನ್ ಮಾಡಬಾರದೆಂಬ ಕಟ್ಟಪ್ಪಣೆ ಇತ್ತು. ಆದರೂ ಮಾಡಿ, "ಏನೂ ಇಲ್ಲ ಕಣೆ, ಇಬ್ಬರಿಗೂ ಏನೂ ಇಲ್ಲ!" ಎಂದು ಕೂಗಿದ. ಇಸ್ತ್ರಿ ಯಂತ್ರಗಳ ಗದ್ದಲದ ನಡುವೆ ಅವಳು ಅಳುವುದು ಅವನಿಗೆ ಕೇಳಿಸಿತು.

ಗೇಟಿನ ಹತ್ತಿರ ಬಂದಿದ್ದರು. ಹಿಂದಿನಿಂದ ಚಪ್ಪಲಿಯ ಪಟಪಟ ಸದ್ದು.

"ನಿಲ್ಲಿ! ಯಜಮಾನ್ರೇ, ನಿಲ್ಲಿ!" ಲೈಟಕ್ಕ ಏದುಸಿರು ಬಿಡುತ್ತಿದ್ದಳು. "ಒಂದ್ನಿಮಿಷ ಮೇಲೆ ಬನ್ನಿ. ಮಕ್ಕಳನ್ನೂ ಕರ್ಕೊಂಡು."

ಮೇಲಿನ ಕೋಣೆಯಲ್ಲಿ ಪರದೆಯ ಮೇಲೆ ಎರಡು ಚಿತ್ರಗಳು ಅಕ್ಕಪಕ್ಕ ಇದ್ದವು. ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಕವಲೊಡೆದ ಕೆಂಪು ರಕ್ತನಾಳಗಳು. ಒಂದೇ ಮನೆಯ ಮಕ್ಕಳು ಬಂದರೆ ಅವರ ಚಿತ್ರಗಳನ್ನು ಒಟ್ಟಿಗಿಟ್ಟು ಹೋಲಿಸಿ ಬರೆದಿಡುವುದು ಈ ಆಸ್ಪತ್ರೆಯ ಪದ್ಧತಿ. ಹಾಗೆ ಇಡುವಾಗಲೇ ಅವಳಿಗೆ ಕಂಡಿತ್ತು.

"ಇಲ್ಲಿ ನೋಡಿ, ಈ ನಾಳ ಕವಲಾಗಿ ಕೊಕ್ಕೆ ಹಾಗೆ ಬಾಗಿದೆ. ಇವಳ ಚಿತ್ರದಲ್ಲೂ ಅದೇ ಜಾಗ, ಅದೇ ಕೊಕ್ಕೆ. ಎರಡೂ ಒಂದೇ ಕಣ್ಣು."

"ಅವಳಿ ಮಕ್ಕಳಲ್ವಾ ತಾಯಿ?" ಬೈಂಡರ್ ನಕ್ಕ. "ಮೂಗು ಒಂದೇ, ಬಾಯಿ ಒಂದೇ. ಕಣ್ಣು ಬೇರೆ ಇರುತ್ತಾ?"

"ಅವಳಿಗಳಾದ್ರೂ ಇದು ಬೇರೇನೇ ಇರುತ್ತೆ. ಬೆರಳಚ್ಚಿನ ಹಾಗೆ. ಒಬ್ಬಳೇ ಎರಡು ಸಲ ಕೂತಿದ್ದಾಳೆ ಅನ್ಸುತ್ತೆ. ನಾನೂ ಸ್ವೆಟರ್ ಬಣ್ಣ ನೋಡಿ ಮೋಸ ಹೋದೆ."

ಬೈಂಡರನ ನಗು ಇಳಿಯಿತು. ಮಗಳ ಕಣ್ಣಿನ ಚಿಂತೆ ಹುಟ್ಟುವ ಮುಂಚೆ ಅವನ ಮೂಗಿನ ತುದಿಗೆ ಸಿಟ್ಟು ಬಂತು. ಮನುಷ್ಯರ ಹಣೆಬರಹವೇ ಹಾಗೆ. "ಏನಮ್ಮಾ, ನನ್ನ ಮಕ್ಕಳನ್ನ ನಾನು ಗುರುತಿಸಲ್ವಾ? ನಾನೇ ಕೈ ಹಿಡಿದು ಒಬ್ಬೊಬ್ಬರನ್ನೇ ಒಳಗೆ ಬಿಟ್ಟಿದ್ದೀನಿ! ಒಂಬತ್ತು ವರ್ಷದಲ್ಲಿ ಒಂದ್ಸಲ ತಪ್ಪಿಲ್ಲ ನಾನು. ಡಾಕ್ಟರಮ್ಮ ಏನೂ ಇಲ್ಲ ಅಂದಿದ್ದಾರೆ, ಮನೆಗೂ ಹೇಳಿಯಾಗಿದೆ, ಈಗ ನೀವು ಹೊಸ ಕಥೆ ಕಟ್ಟಬೇಡಿ!"

ಲೈಟಕ್ಕ ಪ್ರತಿಯಾಗಿ ಕೂಗಲಿಲ್ಲ. ಮುಂದಿನ ಮಗುವಿಗಾಗಿ ಯಂತ್ರದಲ್ಲಿ ಗಲ್ಲ ಇಡುವ ಪಟ್ಟಿಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸತೊಡಗಿದಳು. ಪ್ರತಿ ಮಗುವಿನ ನಂತರವೂ ಅವಳು ಒರೆಸುವುದು ಹಾಗೆಯೇ. ಚುರುಕು ವಾಸನೆ ಕೋಣೆಯಲ್ಲಿ ಹರಡಿತು. ಬೈಂಡರನ ಬಾಯಿಯಲ್ಲಿದ್ದ ಮುಂದಿನ ಮಾತು ಅಲ್ಲೇ ನಿಂತಿತು.

ಅವನು ಮಂಡಿಯೂರಿ ಕೂತ. ಹಳದಿ ಸ್ವೆಟರಿನವಳನ್ನು ಹತ್ತಿರ ಎಳೆದು ಗಲ್ಲ ಮೂಸಿದ. ಸ್ಪಿರಿಟ್ಟಿನ ವಾಸನೆ. ನೀಲಿ ಸ್ವೆಟರಿನವಳ ಗಲ್ಲ ಮೂಸಿದ. ಬಿಸ್ಕತ್ತು, ಬರೀ ಬಿಸ್ಕತ್ತು. ಇನ್ನೊಮ್ಮೆ ಮೂಸಿದ. ಮಗುವಿನ ಗಲ್ಲ ನಡುಗತೊಡಗಿತ್ತು.

ಸ್ವೆಟರ್‌ಗಳು ಅವನು ಫೋನಿನಲ್ಲಿ ಕೂಗುತ್ತಿದ್ದಾಗಲೇ ಮತ್ತೆ ಅವರವರ ಮೈಗೆ ಬಂದಿದ್ದವು. ಆದರೆ ಗಲ್ಲಗಳನ್ನು ಯಾರು ಬದಲಿಸುತ್ತಾರೆ?

"ಗುಬ್ಬಿ," ಎಂದ ಬೈಂಡರ್, "ನೀನು ಕೂರಲೇ ಇಲ್ವಾ?"

ಚೂಟಿಯೇ ಮುಂದೆ ಬಂದು ತಂಗಿಯ ಮುಂದೆ ನಿಂತಳು. "ಅವಳನ್ನ ಬೈಬೇಡ. ನಾನೇ ಹೇಳಿದ್ದು. ಅವಳು ನಲ್ಲಿ ಹತ್ರ ತುಂಬಾ ಅಳ್ತಿದ್ಲು. ಕಣ್ಣಲ್ಲಿ ಕಿಡಿ ಹಾರುತ್ತೆ ಅಂತ. ನಾನು ಹಾರಲ್ಲ ಅಂದೆ, ನಂಬಲಿಲ್ಲ. ಅಪ್ಪಂಗೆ ಹಾರಿತ್ತಲ್ಲ ಅಂದ್ಲು. ಅದಕ್ಕೆ ನಾನೇ ಇನ್ನೊಂದ್ಸಲ ಕೂತೆ."

"ಅವಳ ಕಣ್ಣು ನೋಡಬೇಕಿತ್ತಲ್ಲೇ!"

"ಒಂದೇ ಅಚ್ಚಿನ ಎರಡು ಪ್ರತಿ ಅಂತ ನೀನೇ ಹೇಳ್ತೀಯಲ್ಲ?" ಚೂಟಿಗೂ ಈಗ ಅಳು ಬಂದಿತ್ತು. "ಒಂದು ನೋಡಿದ್ರೆ ಸಾಕಲ್ವಾ?"

ಬೈಂಡರ್ ಹಿಡಿದ ಹಟವೆಲ್ಲ ಕರಗಿ ಒಂದೇ ಒಂದು ಹೆದರಿಕೆ ಉಳಿಯಿತು: ಗುಬ್ಬಿಯ ಕಣ್ಣನ್ನು ಯಾರೂ ನೋಡಿಲ್ಲ. ಒತ್ತಡ ಮೇಲಿದ್ದದ್ದು ಅವಳದು, ಗಟ್ಟಿ ಪದರ ಚೂಟಿಯದು. ಈ ಹೆಂಗಸು ಮೂರು ಮಹಡಿ ಇಳಿದು ಓಡಿ ಬರದಿದ್ದರೆ ಬರೀ ಹೆದರಿಕೆ ಎಂದುಕೊಂಡು ಇಡೀ ಒಂದು ವರ್ಷ ಆರಾಮಾಗಿ ಕೂತಿರುತ್ತಿದ್ದರು. ಆ ವರ್ಷದಲ್ಲಿ ಏನೇನು ಸವೆದುಹೋಗಬಹುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಚೂಟಿಯನ್ನು ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದ. "ಕತ್ತೆ! ಒಂದೇ ಅಚ್ಚಾದ್ರೂ ನಾನು ಒಂದೊಂದು ಪ್ರತೀನೂ ತಿರುವಿ ನೋಡಲ್ವಾ? ಒಂದರಲ್ಲಿ ಹಾಳೆ ಸರಿ ಇದ್ರೆ ಇನ್ನೊಂದರಲ್ಲಿ ತಪ್ಪಿರುತ್ತೆ," ಎನ್ನುತ್ತ ಅವಳ ತಲೆಯನ್ನು ಎದೆಗೊತ್ತಿಕೊಂಡ. ಆಮೇಲೆ ಲೈಟಕ್ಕನ ಕಡೆ ತಿರುಗಿ ಕೈಮುಗಿದ. "ತಪ್ಪಾಯ್ತು ತಾಯಿ. ಹೇಳಿ, ಈಗ ಏನ್ಮಾಡೋಣ?"

"ಕೂರಿಸಬೇಕು. ಆದ್ರೆ ಹಿಡಿದು ಕೂರಿಸಿದ್ರೆ ಆಗಲ್ಲ. ಅವಳಾಗೇ ಕೂತು ಚುಕ್ಕಿ ನೋಡಬೇಕು."

ಗುಬ್ಬಿ ಬಾಗಿಲಿಗೆ ಅಂಟಿ ನಿಂತಿದ್ದಳು. ಬೈಂಡರ್ ಅವಳ ಹತ್ತಿರ ಹೋಗಲಿಲ್ಲ. ಸೀದಾ ಹೋಗಿ ಯಂತ್ರದ ಮುಂದಿನ ಸ್ಟೂಲಿನ ಮೇಲೆ ತಾನೇ ಕೂತ.

"ಮೊದಲು ನನ್ನದು ಮಾಡಿ. ಗುಬ್ಬಿ, ನೀನು ಅಲ್ಲಿ ಪಕ್ಕದಲ್ಲಿ ನಿಂತು ನೋಡು. ನಾನು ಹೇಳಿದ್ದು ನಂಬಬೇಡ, ಚೂಟಿ ಹೇಳಿದ್ದೂ ನಂಬಬೇಡ. ನೀನೇ ನೋಡು."

ಅವನು ಗಲ್ಲ ಇಟ್ಟ, ಹಣೆ ಒತ್ತಿದ. ಚುಕ್ಕಿ ಕಾಣುತ್ತಿದೆಯಾ ಎಂದಳು ಲೈಟಕ್ಕ. ಅವನಿಗೆ ಸುತ್ತಲಿನ ಯಾವ ಗಲಾಟೆಯೂ ಇಲ್ಲ. ಕತ್ತಲೆಯ ನಡುವೆ ಹಸಿರು ಚುಕ್ಕಿಯೊಂದೇ. ಗೆರೆ ಎಲ್ಲಿ ಓಡಿತೋ ಅವನ ಕಣ್ಣಿಗೆ ಬೀಳಲೇ ಇಲ್ಲ. ಅವನು ಕಲ್ಲಿನ ಹಾಗೆ ಕೂತ. ಲೈಟಕ್ಕ, "ದೊಡ್ಡೋರಲ್ಲೂ ಇಷ್ಟು ಅಲುಗಾಡದೆ ಯಾರೂ ಕೂತಿಲ್ಲ," ಎಂದಳು. ಬೈಂಡರ್ ಆ ಸ್ಥಿತಿಯಲ್ಲೂ ಒಂದಿಷ್ಟು ಉಬ್ಬಿದ.

ಅಷ್ಟರಲ್ಲಿ ಅವನ ಕೆನ್ನೆಯ ಮೇಲೆ ಒಂದು ಪುಟ್ಟ ತಣ್ಣನೆಯ ಬೆರಳು ಬಿತ್ತು. ಗುಬ್ಬಿ ಅವನ ಕಣ್ಣಿನ ಕೆಳಗೆ ಮುಟ್ಟಿ ನೋಡುತ್ತಿದ್ದಳು.

"ಬಿಸಿ ಇಲ್ಲ," ಎಂದಳು ತನ್ನಷ್ಟಕ್ಕೆ. ಆ ಬೆರಳನ್ನು ಯಂತ್ರದ ಗಾಜಿನ ಮುಂದೆ ಹಿಡಿದಳು. ಕೆಂಪು ಬೆಳಕು ಉಗುರಿನ ಮೇಲೆ ಓಡಿತು. ಬೆರಳನ್ನು ಹಾಗೇ ಇಟ್ಟುಕೊಂಡು ಒಂದು ಕ್ಷಣ ಕಾದಳು. ಮೂಸಿಯೂ ನೋಡಿದಳು. ಚಿತ್ರ ಕೆಟ್ಟರೂ ಲೈಟಕ್ಕ ಏನೂ ಅನ್ನಲಿಲ್ಲ.

"ಅಪ್ಪ, ಕಿಡಿ ಬಂತಾ?"

"ಇಲ್ಲ ಪುಟ್ಟಿ."

"ಅವತ್ತು?"

ಬೈಂಡರ್ ಗಲ್ಲ ಎತ್ತಿದ. "ಅವತ್ತೂ ಇಷ್ಟೆಲ್ಲ ಇರಲಿಲ್ಲ. ನಾನು ಸ್ವಲ್ಪ ಜಾಸ್ತಿ ಹೇಳ್ದೆ."

"ಗೊತ್ತಾಯ್ತು," ಎಂದಳು ಗುಬ್ಬಿ. "ಏಳು. ನಾನು ಕೂರ್ತೀನಿ."

ಬೈಂಡರನಿಗೆ ಆಗ ತನ್ನ ಮಗಳ ಬಗ್ಗೆ ಒಂದು ವಿಷಯ ಗೊತ್ತಾಯಿತು. ಇವಳು ಪುಕ್ಕಲಿಯಲ್ಲ. ಯಾರೋ ಹೇಳಿದರೆಂದು ನಂಬುವವಳಲ್ಲ, ಮುಟ್ಟಿ ನೋಡಿ ನಂಬುವವಳು. ಅದು ಅವನ ಕಸುಬಿನ ಗುಣ. ಇಷ್ಟು ವರ್ಷ ಗದ್ದಲದ ಮಗಳೇ ತನ್ನಂತೆ ಎಂದುಕೊಂಡಿದ್ದವನಿಗೆ ಈ ಮೌನಿಯಲ್ಲಿ ತನ್ನ ಹೆಬ್ಬೆರಳು ಕಂಡಿತು, ಎದೆ ತುಂಬಿ ಬಂತು.

ಅವಳು ಕೂತಳು. ಸ್ಟೂಲು ಎತ್ತರಿಸಿದರು. ಗಲ್ಲ ಪಟ್ಟಿಯ ಮೇಲೆ ನಡುಗುತ್ತಿತ್ತು, ಆಮೇಲೆ ನಿಂತಿತು. ಲೈಟಕ್ಕ ಕಳ್ಳನ ಕಥೆ ಶುರುಮಾಡಿದಳು.

"ಕಳ್ಳ ಬೇಡ ಅಕ್ಕ," ಎಂದಳು ಗುಬ್ಬಿ ಹಲ್ಲು ಕಚ್ಚಿಕೊಂಡೇ. "ಚುಕ್ಕಿ ನೋಡ್ಬೇಕು ತಾನೆ? ನೋಡ್ತಿದ್ದೀನಿ."

ಎರಡೂ ಕಣ್ಣುಗಳ ಚಿತ್ರ ಒಂದೇ ಪ್ರಯತ್ನಕ್ಕೆ ಬಂತು. ಚೂಟಿ ಚಪ್ಪಾಳೆ ತಟ್ಟಿ ಬೈಸಿಕೊಂಡಳು.

ಡಾಕ್ಟರಮ್ಮ ಈ ಸಲ ಕೆಳಗೆ ಕಾಯದೆ ತಾವೇ ಮೇಲೆ ಬಂದರು. ಪರದೆಯ ಮುಂದೆ ಕೂತು ಬಹಳ ಹೊತ್ತು ನೋಡಿದರು. ಯಂತ್ರದೊಳಗಿನ ಲೆಕ್ಕ ದೊಡ್ಡವರದು, ಮಕ್ಕಳಿಗೆ ಅದು ಹೊಂದುವುದಿಲ್ಲ. ಅದಕ್ಕಾಗಿ ಈ ಆಸ್ಪತ್ರೆಯವರು ಶಾಲೆ ಶಾಲೆಗೆ ಹೋಗಿ ಆರೋಗ್ಯವಂತ ಮಕ್ಕಳ ಕಣ್ಣು ಅಳೆದು ತಮ್ಮದೇ ಒಂದು ಅಳತೆ ಮಾಡಿಟ್ಟುಕೊಂಡಿದ್ದರು. ಗುಬ್ಬಿಯ ಪದರವನ್ನು ಆ ಅಳತೆಯ ಪಕ್ಕ ಇಟ್ಟು ನೋಡಿದರು. ಕನ್ನಡಕ ತೆಗೆದರು.

ಬೈಂಡರ್ ಗುಬ್ಬಿಯ ಹೆಗಲ ಮೇಲೆ ಕೈ ಇಟ್ಟ.

"ಬಲಗಣ್ಣಿನ ಕೆಳಭಾಗದಲ್ಲಿ ಸವೆಯೋಕೆ ಶುರುವಾಗಿದೆ," ಎಂದರು. "ಕಾಯಿಲೆ ಇದೆ. ನಿಮ್ಮದೇ ಕಾಯಿಲೆ."

ತಾನು ಮಗಳಿಗೆ ಕೊಟ್ಟದ್ದು ಇದೇನಾ ಎಂದುಕೊಂಡ ಬೈಂಡರ್. ಆಮೇಲೆ ಅವನು ಕೇಳಬೇಕಾದದ್ದನ್ನು ಕೇಳಿದ. "ಎಷ್ಟು ಹೋಗಿದೆ ಅಮ್ಮಾ? ಎಷ್ಟು ಕಾಣಲ್ಲ ಅವಳಿಗೆ?"

"ಅದನ್ನೇ ಹೇಳೋಕೆ ಹೊರಟೆ." ಡಾಕ್ಟರಮ್ಮ ಮೊದಲ ಸಲ ನಕ್ಕರು. "ಏನೂ ಹೋಗಿಲ್ಲ. ಅವಳಿಗೆ ಎಲ್ಲಾ ಕಾಣುತ್ತೆ, ಸುತ್ತಲೂ ಕಾಣುತ್ತೆ. ಬೆಳಿಗ್ಗೆ ಅಕ್ಕಪಕ್ಕದ ನೋಟ ಪರೀಕ್ಷೆ ಮಾಡಿದ್ವಲ್ಲ, ಪೂರ್ತಿ ಸರಿ ಇತ್ತು. ನೋಟ ಕೆಡೋಕೆ ಮುಂಚೆ ಪದರ ಸವೆಯೋದು ಶುರುವಾಗುತ್ತೆ, ನಾವು ಆ ಶುರುವಲ್ಲೇ ಹಿಡಿದಿದ್ದೀವಿ. ಇವತ್ತಿಂದ ದಿನಾ ಹನಿ ಹಾಕಿ. ಸಾಕಾಗದಿದ್ರೆ ಚಿಕ್ಕ ಆಪರೇಷನ್. ಚೂಟಿದೂ ಇನ್ಮೇಲೆ ಬೇಗ ಬೇಗ ನೋಡ್ತಿರೋಣ, ಅವಳಿಗೂ ಬರಬಹುದು. ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯಬೇಕು. ಆದ್ರೆ ಈ ಹುಡುಗಿ ನೋಟ ಉಳಿಸ್ಕೋಬಹುದು."

ಬೈಂಡರ್ ಪರದೆಯ ಹತ್ತಿರ ಹೋದ. ಇಡೀ ಚಿತ್ರ ಅವನಿಗೆ ಒಮ್ಮೆಲೇ ಕಾಣುತ್ತಿರಲಿಲ್ಲ. ತಲೆಯನ್ನು ನಿಧಾನವಾಗಿ ಆಡಿಸುತ್ತ ಮಗಳ ಕಣ್ಣಿನೊಳಗಿನ ಆ ಹಾಳೆಯನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ನೋಡಿದ. ಅವನಪ್ಪನ ಹಾಳೆಯನ್ನು ಯಾರೂ ನೋಡಿರಲಿಲ್ಲ. ಅವನದನ್ನು ನೋಡುವ ಹೊತ್ತಿಗೆ ಅರ್ಧ ಪುಸ್ತಕವೇ ಹೋಗಿತ್ತು. ಈ ವಂಶದಲ್ಲಿ ಕಾಯಿಲೆಗಿಂತ ಮೊದಲು ಹೋಗಿ ನಿಂತವಳು ಇವಳೊಬ್ಬಳೇ.

"ಶಭಾಷ್," ಎಂದ. ಯಾರಿಗೆ ಹೇಳಿದನೆಂದು ಅವನಿಗೂ ತಿಳಿಯದು. ಗುಬ್ಬಿಗಿರಬೇಕು, ಲೈಟಕ್ಕನಿಗೂ ಇರಬೇಕು.

ಹೆಂಡತಿಗೆ ಮತ್ತೆ ಫೋನ್ ಮಾಡಿದ. ಮೊದಲು ಹೇಳಿದ್ದು ತಪ್ಪು, ಕಾಯಿಲೆ ಇದೆ, ಆದರೆ ಸಿಕ್ಕಿಬಿದ್ದಿದೆ ಎಂದ. ಅವಳು, "ಹನಿ ಯಾವ ಹೊತ್ತಿಗೆ ಹಾಕಬೇಕು?" ಎಂದು ಕೇಳಿದಳು. ಅವಳಿಂದ ಅದಕ್ಕಿಂತ ಧೈರ್ಯದ ಮಾತನ್ನು ಅವನು ಎಂದೂ ಕೇಳಿರಲಿಲ್ಲ.

ಔಷಧಿ ತೆಗೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು. ಮಧ್ಯಾಹ್ನದ ರಸ್ತೆ, ಅಂಗಡಿಗಳ ಮುಂದೆ ನಿಲ್ಲಿಸಿದ ಸೈಕಲ್ಲುಗಳು, ಒಗೆದು ಒಣಗಹಾಕಿದ ಬಟ್ಟೆಗಳ ಬಾಲ್ಕನಿಗಳು. ಬೈಂಡರನಿಗೆ ಡಾಕ್ಟರಮ್ಮನ ಮಾತನ್ನು ಪರೀಕ್ಷಿಸದೆ ಇರಲಾಗಲಿಲ್ಲ. ಮುಟ್ಟಿ ನೋಡುವ ಜಾತಿಯವನಲ್ಲವೇ?

"ಗುಬ್ಬಿ, ಅಲ್ಲಿ ದೂರದಲ್ಲಿ ಬಸ್ಸಿನ ಬೋರ್ಡ್ ಇದೆಯಲ್ಲ, ಅದನ್ನೇ ನೋಡು. ತಲೆ ತಿರುಗಿಸಬೇಡ, ಕಣ್ಣೂ ತಿರುಗಿಸಬೇಡ. ಬಲಗಡೆ ಏನಿದೆ ಹೇಳು."

ಚೂಟಿ ತಾನಾಗಿಯೇ ಅಂಪೈರ್ ಆದಳು. ತಂಗಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ ಅವಳ ಕಣ್ಣುಗುಡ್ಡೆಗಳನ್ನೇ ದಿಟ್ಟಿಸಿದಳು.

"ಗೋಡೆ ಮೇಲೆ ಬೆಕ್ಕಿದೆ," ಎಂದಳು ಗುಬ್ಬಿ. "ಬಿಳಿ ಬೆಕ್ಕು. ಕೆಳಗೆ ಒಬ್ಬರು ಚಪ್ಪಲಿ ಹೊಲೀತಿದ್ದಾರೆ."

ಬೈಂಡರ್ ನಿಂತು, ಪೂರ್ತಿ ಬಲಕ್ಕೆ ತಿರುಗಿ ನೋಡಿದ. ಬೆಕ್ಕು ಇತ್ತು. ಅದರ ಕೆಳಗೆ ಚಪ್ಪಲಿ ಹೊಲಿಯುವವನೂ ಇದ್ದ. ಅವನು ಒಬ್ಬನೇ ನಡೆದಿದ್ದರೆ ಎರಡೂ ಅವನ ಪಾಲಿಗೆ ಇರುತ್ತಲೇ ಇರಲಿಲ್ಲ.

"ಈಗ ಕೆಳಗೆ?"

"ಗುಂಡಿ ಇದೆ, ಮುಚ್ಚಿಲ್ಲ. ಅದರಲ್ಲಿ ಒಂದು ಚೆಂಡು ಬಿದ್ದಿದೆ."

"ತಿರುಗಿಲ್ಲ!" ಎಂದು ಚೂಟಿ ತೀರ್ಪು ಕೊಟ್ಟಳು.

ಬೈಂಡರ್ ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ, "ನೋಡಿದ್ರಾ ನನ್ನ ಮಗಳನ್ನ? ತಿರುಗದೇನೇ ಎಲ್ಲಾ ಹೇಳ್ತಾಳೆ!" ಎಂದ. ಆ ಮನುಷ್ಯ ಎಲ್ಲರಿಗೂ ಹಾಗೆ ಕಾಣುವುದೇ ಅಲ್ಲವೇ ಎನ್ನುವಂತೆ ಇವನ ಮುಖ ನೋಡಿ, ದಾರಕ್ಕೆ ಮೇಣ ಹಚ್ಚತೊಡಗಿದ. ಬೈಂಡರನಿಗೆ ಬೇಸರವಾಗಲಿಲ್ಲ.

ಮತ್ತೆ ನಡೆದರು. ಅವನು ಈಗ ಮಗಳ ಎಡಕ್ಕೆ ಬಂದಿದ್ದ. ಅವಳು ಬೋರ್ಡಿನ ಮೇಲೆ ನೆಟ್ಟ ನೋಟ ಕದಲಿಸದೆ, ಆಟ ಮುಗಿದಿಲ್ಲವೆಂಬಂತೆ, ಗಂಭೀರವಾಗಿ ಹೆಜ್ಜೆ ಹಾಕುತ್ತಿದ್ದಳು.

"ಎಡಗಡೆ?" ಎಂದ ಬೈಂಡರ್.

ಗುಬ್ಬಿ ಇನ್ನೂ ಎರಡು ಹೆಜ್ಜೆ ಹಾಕಿದಳು.

"ಎಡಗಡೆ ನೀನಿದ್ದೀಯ," ಎಂದಳು. "ಅಳ್ತಿದ್ದೀಯ."

"ಏಯ್, ನೇರ ನೋಡು ಅಂದಿದ್ನಲ್ಲ!"

"ನೇರಾನೇ ನೋಡ್ತಿದ್ದೀನಪ್ಪ."

"ಹೌದಪ್ಪ," ಎಂದಳು ಚೂಟಿ, ಹಿಮ್ಮುಖವಾಗಿ ನಡೆಯುತ್ತಲೇ. "ಅವಳು ತಿರುಗಲೇ ಇಲ್ಲ."

ಕಣ್ಣೊರೆಸಿಕೊಳ್ಳಲು ಮೇಲೆತ್ತಿದ ಕೈಯನ್ನು ಬೈಂಡರ್ ಕೆಳಗಿಳಿಸಿದ. ಕಾಣಲಿ ಎಂದು ಹಾಗೆಯೇ ಅವಳ ಪಕ್ಕದಲ್ಲಿ ನಡೆದ.